ಕಾಶಮ್ಮನ ಕಾಲಂ

ಅಕ್ಟೋಬರ್ ಒಂದನೆಯ ತಾರೀಖು, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಬೀದರಿನ ಒಂದು ಬಸ್ ಡಿಪೋ, ಮ್ಯಾನೇಜರ್ ಕೋಣೆ. ಹಾಜರಿದ್ದವರು ಮೂವರು: ಡಿಪೋ ಮ್ಯಾನೇಜರ್ ದೇಸಾಯಿ ಸಾಹೇಬರು, ಚಾಲಕ ಮಹಬೂಬ್, ವೇಳಾಪಟ್ಟಿ ವಿಭಾಗದ ಹಿರಿಯ ಕಂಟ್ರೋಲರ್ ಆಗಿದ್ದ ನಾನು. ವಿಷಯ: ಔರಾದ ತಾಲ್ಲೂಕಿನ ಮಾಳೆವಾಡಿಯಿಂದ ಹೊರಡುವ ಬಸ್ಸನ್ನು ಹನ್ನೆರಡು ದಿನ ನಿಗದಿತ ವೇಳೆಗಿಂತ ಅರ್ಧ ಗಂಟೆ ಮುಂಚೆ ಬಿಟ್ಟದ್ದು. ದೂರು ಕೊಟ್ಟವರು ಆ ಊರಿನ ಕಾಲೇಜು ಹುಡುಗರು. ಹೋಗಿ ನೋಡಿ ವರದಿ ಬರೆದವನು ನಾನು.

ಮಹಬೂಬನಿಗೆ ಅಮಾನತು ಆಗಬಹುದೆಂದು ಮೂವರಿಗೂ ಗೊತ್ತಿತ್ತು. ಅದೇ ಬಸ್ಸಿನ ಮೇಲೆ ಏಳು ವರ್ಷದ ಒಬ್ಬ ಹುಡುಗಿಯ ಪಾಠ ನಿಂತಿದೆ, ಇನ್ನೊಂದು ದಿನ ಬಸ್ಸು ತಪ್ಪಿದರೆ ಅವಳ ಜಾಗ ಹೋಗುತ್ತದೆ ಎಂಬುದು ಮಾತ್ರ ಮಹಬೂಬನೊಬ್ಬನಿಗೇ ಗೊತ್ತಿತ್ತು.

ನಾನು ನಿವೃತ್ತನಾಗಿ ಐದು ವರ್ಷವಾಯಿತು. ಹೊಸದಾಗಿ ಕಂಟ್ರೋಲರ್ ಆದವರು ಆಗಾಗ ಮನೆಗೆ ಬಂದು ಕೆಲಸದಲ್ಲಿ ಏನು ನೋಡಿಕೊಳ್ಳಬೇಕೆಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ಅವರಿಗೆ ಪ್ರಯೋಜನವಿಲ್ಲ. ನಾನು ಮಾಡಿದ ತಪ್ಪಿನಿಂದ ಪ್ರಯೋಜನವಿದೆ.

ನನ್ನ ಶಿಸ್ತು ಭಾಲ್ಕಿಯ ಹಾಸ್ಟೆಲ್ಲಿನಲ್ಲಿ ಕಲಿತದ್ದು. ಐದಕ್ಕೆ ಗಂಟೆ, ಐದೂ ಹತ್ತಕ್ಕೆ ಹಾಸಿಗೆ ಮಡಿಸಿರಬೇಕು, ಐದೂ ಕಾಲಿಗೆ ಸಾಲಿನಲ್ಲಿ ನಿಂತಿರಬೇಕು. ನಮ್ಮ ವಾರ್ಡನ್ನರು ಸಾಲಿನ ಮುಂದೆ ನಿಂತು, ದೇಶಕ್ಕೆ ಸ್ವಾತಂತ್ರ್ಯ ತಂದುಕೊಟ್ಟ ಆ ಹಿರಿಯರ ಬಗ್ಗೆ ದಿನಕ್ಕೊಂದು ಮಾತು ಹೇಳುತ್ತಿದ್ದರು. ಅವರು ಸೊಂಟಕ್ಕೆ ಗಡಿಯಾರ ಸಿಕ್ಕಿಸಿಕೊಂಡು ತಿರುಗುತ್ತಿದ್ದರು, ಸಭೆಗೆ ಒಂದು ನಿಮಿಷ ತಡವಾದರೂ ಬೇಸರ ಮಾಡಿಕೊಳ್ಳುತ್ತಿದ್ದರು ಎಂದು ಕೇಳಿದ ದಿನವೇ ಅವರು ನನ್ನವರಾದರು. ಅವರ ಸತ್ಯ, ಅಹಿಂಸೆಗಳು ಆಮೇಲೆ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. ಹಾಸ್ಟೆಲ್ಲಿನಲ್ಲೂ ಮುಂದೆ ಡಿಪೋದಲ್ಲೂ ಅವರಿಗೆ ಇದ್ದದ್ದು ಅದೇ ಹೆಸರು.

ಮೊದಲ ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದೆ. ಭಾಲ್ಕಿ ಬಸ್ ನಿಲ್ದಾಣದಲ್ಲಿ ಕಾಶಮ್ಮ ಎಂಬ ಮುದುಕಿ ಬುಟ್ಟಿಯಲ್ಲಿ ಸೀತಾಫಲ ಇಟ್ಟುಕೊಂಡು ಕೂಡುತ್ತಿದ್ದಳು. ಸೀತಾಫಲವಿಲ್ಲದ ದಿನಗಳಲ್ಲಿ ಬುಟ್ಟಿ ಮಾತ್ರ ಇಟ್ಟುಕೊಂಡು ಕೂಡುತ್ತಿದ್ದಳು. ಯಾವ ಬಸ್ಸಿಗೂ ಹತ್ತುತ್ತಿರಲಿಲ್ಲ. ಒಂದು ಚಳಿಗಾಲದಲ್ಲಿ ಅವಳ ಜಾಗ ಖಾಲಿಯಾಯಿತು. ಹತ್ತಿರದ ಚಹಾದಂಗಡಿಯವನು, ಹೋದಳು ಎಂದು ಹೇಳಿದ. ಅಷ್ಟೇ. ಆದರೆ ಮುಖ ಉಳಿದುಕೊಂಡಿತು. ಅವಳಿಗಿಂತ ಬಡವರನ್ನು ನಾನು ನೋಡಿರಲಿಲ್ಲ.

ಮುಂದೆ ಔರಾದಿನಲ್ಲಿ ಕಂಟ್ರೋಲರ್ ಆದೆ, ಆಮೇಲೆ ಬೀದರಿನಲ್ಲಿ ವೇಳಾಪಟ್ಟಿಯ ಕೆಲಸಕ್ಕೆ ಬಂದೆ. ಈಗಿನವರಿಗೆ ವೇಳಾಪಟ್ಟಿ ಎಂದರೆ ಕಂಪ್ಯೂಟರಿನ ಪರದೆ. ನಮಗೆ ಅದು ನಾಲ್ಕು ಅಡಿ ಉದ್ದದ ಕಾಗದ. ಅದರ ಮೇಲೆ ಪ್ರತಿ ಬಸ್ಸಿಗೂ ಒಂದು ಗೆರೆ. ಒಂದು ಗೆರೆ ಸರಿಸಿದರೆ ಇನ್ನು ಮೂರು ಗೆರೆ ಸರಿಸಬೇಕು. ಸ್ಕೇಲು, ಪೆನ್ಸಿಲು, ರಬ್ಬರು. ಒಂದು ಊರಿನ ಬೆಳಗು ನನ್ನ ರಬ್ಬರಿನ ಕೆಳಗಿರುತ್ತಿತ್ತು ಎಂಬುದು ಆಗ ಹೊಳೆದಿರಲಿಲ್ಲ.

ದೇಸಾಯಿ ಸಾಹೇಬರು ಬಂದದ್ದು ನನ್ನ ನಿವೃತ್ತಿಗೆ ಆರು ವರ್ಷ ಮೊದಲು. ತೆಳ್ಳಗಿನ ಮನುಷ್ಯ. ಸಿಟ್ಟು ಬಂದರೆ ದನಿ ಇನ್ನೂ ತಗ್ಗುತ್ತಿತ್ತು. ಬಂದ ಮೊದಲ ತಿಂಗಳಲ್ಲೇ ಪೇಂಟರನ್ನು ಕರೆಸಿ ಮುತ್ಯಾನ ನಾಲ್ಕು ಮಾತುಗಳನ್ನು ನಾಲ್ಕು ಹಲಗೆಗಳ ಮೇಲೆ ಬರೆಸಿದರು. ಕಚೇರಿಗಳಲ್ಲಿ ಅಂಥ ಹಲಗೆಗಳು ಇದ್ದೇ ಇರುತ್ತವೆ. ಇವರು ಅವನ್ನು ಡ್ಯೂಟಿ ಹಂಚಿದ ಹಾಗೆ ಹಂಚಿದರು. ವರ್ಕ್‌ಶಾಪಿಗೆ ಸ್ವಚ್ಛತೆಯ ಮಾತು. ಚಾಲಕರ ವಿಶ್ರಾಂತಿ ಕೋಣೆಗೆ ಸಿಟ್ಟಿನ ಮಾತು. ವಿಚಾರಣೆ ಕೌಂಟರಿಗೆ, ನಮ್ಮ ಬಾಗಿಲಿಗೆ ಬಂದವರು ನಮ್ಮ ಕೆಲಸಕ್ಕೆ ಅಡ್ಡಿಯಲ್ಲ, ಅವರೇ ನಮ್ಮ ಕೆಲಸ ಎಂಬ ಅರ್ಥದ ಮಾತು.

ಸಿಟ್ಟಿನ ಹಲಗೆ ಕಂಡು ಚಾಲಕರು ನಕ್ಕರು. ಮುತ್ಯಾ ಒಂದು ದಿನ ಭಾಲ್ಕಿ ರೋಡಿನಲ್ಲಿ ಕಬ್ಬಿನ ಗಾಡಿಗಳ ಹಿಂದೆ ಬಸ್ಸು ಹೊಡೆದಿದ್ದರೆ ಆ ಮಾತು ಹೇಳುತ್ತಿರಲಿಲ್ಲ ಎಂದರು. ಕೌಂಟರಿನ ಹಲಗೆಗೆ ಬೇರೆ ತಕರಾರು ಬಂತು. ಒಬ್ಬ ಇತಿಹಾಸದ ಮೇಷ್ಟ್ರು ಬಸ್ಸಿಗೆ ಕಾಯುತ್ತ ನಿಂತವರು, ಇದು ಅವರು ಹೇಳಿದ್ದೇ ಅಲ್ಲ, ಯಾರೋ ಅವರ ಹೆಸರಿಗೆ ಹಚ್ಚಿದ್ದು ಎಂದು ಅರ್ಧ ಗಂಟೆ ವಾದಿಸಿದರು. ಸಾಹೇಬರು ಹೊರಗೆ ಬಂದು ಕೈಮುಗಿದು ಕೇಳಿಸಿಕೊಂಡರು. ಮೇಷ್ಟ್ರು ಹೋದ ಮೇಲೆ ಕೌಂಟರಿನ ಕಡೆ ತಿರುಗಿ, "ಅವರು ಹೇಳಿಲ್ಲಂದ್ರ ನಾ ಹೇಳೇನಂತ ತಿಳೀರಿ. ನಡೀಲಿ ಕೆಲಸ," ಎಂದರು.

ನಾಲ್ಕನೆಯ ಹಲಗೆ ನನ್ನ ವಿಭಾಗಕ್ಕೆ ಬಂತು. ಅದರ ಮಾತು ಎರಡು ಸಾಲಿನದು. ಏನಾದರೂ ಮಾಡುವ ಮುಂಚೆ ನೀನು ಕಂಡ ಅತ್ಯಂತ ಬಡ, ದುರ್ಬಲ ಮನುಷ್ಯನ ಮುಖ ನೆನಪು ಮಾಡಿಕೋ ಎಂಬ ಅರ್ಥದ್ದು ಮೊದಲ ಸಾಲು. ಇಡಲಿರುವ ಹೆಜ್ಜೆಯಿಂದ ಆ ಮನುಷ್ಯನಿಗೆ ಏನು ಉಪಯೋಗ ಎಂದು ಕೇಳಿಕೋ ಎಂಬುದು ಎರಡನೆಯದು. ನನ್ನ ಮೇಜಿನ ಎದುರಿನ ಗೋಡೆಗೆ ಹೊಡೆದರು. ಕೆಲವು ತಿಂಗಳ ಮೇಲೆ ರಿಜಿಸ್ಟರುಗಳು ಹೆಚ್ಚಾದವು, ಒಂದು ಕಬ್ಬಿಣದ ರ‍್ಯಾಕ್ ತರಿಸಿದೆ. ಅದನ್ನು ಇಡಲು ಬೇರೆ ಜಾಗವಿರಲಿಲ್ಲ. ಹಲಗೆಯ ಎರಡನೆಯ ಸಾಲು ರ‍್ಯಾಕಿನ ಹಿಂದೆ ಹೋಯಿತು. ಮೊದಲ ಸಾಲು ಚೆನ್ನಾಗಿ ಕಾಣುತ್ತಿತ್ತು, ಹಾಗಾಗಿ ಯಾರೂ ಏನೂ ಅನ್ನಲಿಲ್ಲ.

ಉಳಿದ ಮೂರು ಹಲಗೆಗಳು ಗೋಡೆಯ ಮೇಲೇ ಉಳಿದವು. ನಾಲ್ಕನೆಯದನ್ನು ಸಾಹೇಬರು ಫಾರಂಗೆ ಇಳಿಸಿದರು. ಬಸ್ಸಿನ ವೇಳೆ ಬದಲಿಸುವ ಫಾರಂನಲ್ಲಿ ಕೊನೆಗೆ ಒಂದು ಕಾಲಂ ಸೇರಿತು: ಈ ಬದಲಾವಣೆ ಮಾಡುವಾಗ ನೆನೆದ ಒಬ್ಬರ ಹೆಸರು. ಅದರ ಕೆಳಗೆ, ಸ್ವತಃ ನೋಡಿರಬೇಕು. ಮೇಲಿನ ಕಚೇರಿಯಿಂದ ಇಂಥ ಕಾಲಂ ನಿಯಮದಲ್ಲಿಲ್ಲ ಎಂದು ಪತ್ರ ಬಂತು. ನಿಯಮದಲ್ಲಿ ಬೇಡವೆಂದೂ ಇಲ್ಲ ಎಂದು ಸಾಹೇಬರು ಉತ್ತರ ಬರೆಸಿದರು.

ನಾನು ಆದೇಶವನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವವನು. ಮೊದಲ ಫಾರಂ ಬಗದಲ್ ಕಡೆಯ ಬಸ್ಸಿನದು. ಪೆನ್ನು ತೆರೆದು ಹಲಗೆ ನೋಡಿದೆ. ಅತ್ಯಂತ ಬಡ ಮುಖ ನೆನಪು ಮಾಡಿಕೊಂಡೆ. ಕಾಶಮ್ಮ ಬಂದಳು. ಬರೆದೆ. ಎರಡನೆಯದು ಮನ್ನಳ್ಳಿಯ ಬಸ್ಸಿನದು. ಮತ್ತೆ ನೋಡಿದೆ, ಮತ್ತೆ ನೆನೆದೆ, ಮತ್ತೆ ಕಾಶಮ್ಮ. ಯಾರಾದರೂ ಕೇಳಿದ್ದರೆ ಪ್ರಮಾಣ ಮಾಡಿ ಹೇಳುತ್ತಿದ್ದೆ: ಅವಳನ್ನು ಸ್ವತಃ ನೋಡಿದ್ದೇನೆ, ಅವಳಿಗಿಂತ ಬಡವರನ್ನು ನೋಡಿಲ್ಲ. ಒಂದಕ್ಷರ ಸುಳ್ಳಿರಲಿಲ್ಲ. ಅವಳು ಸತ್ತು ಎಷ್ಟೋ ವರ್ಷವಾಗಿದೆ, ಬದುಕಿದ್ದಾಗಲೂ ಬಸ್ಸು ಹತ್ತಿರಲಿಲ್ಲ ಎಂಬುದಕ್ಕೆ ಫಾರಂನಲ್ಲಿ ಕಾಲಂ ಇರಲಿಲ್ಲ.

ಬದಲಾದ ವೇಳೆಗಳನ್ನು ಫಾರಂ ಸಮೇತ ಚಾಲಕರ ನೋಟಿಸ್ ಬೋರ್ಡಿಗೆ ಹಚ್ಚುತ್ತಿದ್ದೆವು. ನಾಲ್ಕನೆಯ ಫಾರಂ ಹೊತ್ತಿಗೆ ಚಾಲಕರಿಗೆ ಕಾಶಮ್ಮನ ಪರಿಚಯವಾಯಿತು. ಇವತ್ತ ಕಾಶಮ್ಮ ಯಾವ ಊರಾಗ ಕುಂತಾಳ ಎಂದು ಕೇಳುತ್ತ ಬೋರ್ಡು ಓದುತ್ತಿದ್ದರು. ಬಸ್ಸು ಖಾಲಿ ಬಂದರೆ ಕಾಶಮ್ಮ ಒಬ್ಬಳೇ ಇದ್ದಳು ಎನ್ನುತ್ತಿದ್ದರು. ನನ್ನ ಕಿವಿಗೂ ಬಿದ್ದಿತ್ತು. ಚಾಲಕರು ಎಲ್ಲದಕ್ಕೂ ನಗುತ್ತಾರೆಂದು ಬಿಟ್ಟುಬಿಟ್ಟೆ.

ಹನ್ನೊಂದನೆಯ ಫಾರಂ ಮಾಳೆವಾಡಿ ವಸ್ತಿ ಬಸ್ಸಿನದು. ವಸ್ತಿ ಬಸ್ಸೆಂದರೆ ಸಂಜೆ ಊರಿಗೆ ಹೋಗಿ, ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ಅಲ್ಲಿಂದಲೇ ಹೊರಡುವ ಬಸ್ಸು. ಚಾಲಕ, ಕಂಡಕ್ಟರಿಗೆ ಊರವರು ಮಲಗಲು ಜಾಗ ಕೊಡುತ್ತಾರೆ. ಮಾಳೆವಾಡಿಯಲ್ಲಿ ದಿನಕ್ಕೊಂದು ಮನೆಯವರು ರೊಟ್ಟಿ ಕೊಡುವ ಪಾಳಿ ಇತ್ತು. ಹಾಗಾಗಿ ವಸ್ತಿ ಚಾಲಕನಿಗೆ ಊರಿನ ಎಲ್ಲ ಮನೆಯ ಒಲೆಯೂ ಗೊತ್ತು. ವೇಳಾಪಟ್ಟಿಯವನಿಗೆ ಊರಿನ ಹೆಸರು ಗೊತ್ತು.

ಆ ಬಸ್ಸು ಐದೂ ನಲವತ್ತೈದಕ್ಕೆ ಬಿಟ್ಟು ಆರೂ ಇಪ್ಪತ್ತಕ್ಕೆ ಔರಾದ ಮುಟ್ಟಿ, ಏಳೂ ಮೂವತ್ತೈದಕ್ಕೆ ನೌಬಾದ ದಾಟಿ ಬೀದರಿಗೆ ಬರುತ್ತಿತ್ತು. ಕಾಲೇಜು ಹುಡುಗರು ಅರ್ಜಿ ಕೊಟ್ಟರು. ತಮ್ಮ ಕಾಲೇಜು ಹತ್ತಕ್ಕೆ, ಬಸ್ಸು ಅರ್ಧ ಗಂಟೆ ತಡವಾಗಿ ಬಿಟ್ಟರೆ ಅನುಕೂಲ ಎಂದು. ನೀಟಾದ ಅರ್ಜಿ, ಕೆಳಗೆ ಸಾಲಾಗಿ ಸಹಿಗಳು. ನನಗೆ ನೀಟಾದ ಅರ್ಜಿ ಎಂದರೆ ಪ್ರೀತಿ. ಗೆರೆ ಅಳಿಸಿ ಆರೂ ಹದಿನೈದಕ್ಕೆ ಎಳೆದೆ. ಕೊನೆಯ ಕಾಲಂನಲ್ಲಿ ಕಾಶಮ್ಮ ಎಂದು ಬರೆದೆ. ಸಾಹೇಬರು ಸಹಿ ಮಾಡಿದರು.

ಮೂರು ವಾರ ಕಳೆಯುವುದರೊಳಗೆ ಅದೇ ಹುಡುಗರ ಇನ್ನೊಂದು ಅರ್ಜಿ: ಬಸ್ಸು ಮತ್ತೆ ಹಳೆಯ ಹೊತ್ತಿಗೇ ಹೋಗುತ್ತಿದೆ, ಬೇರೆ ಬಸ್ಸು ಹಿಡಿದು ಹೋದರೆ ಮೊದಲ ಪಾಠ ತಪ್ಪುತ್ತಿದೆ. ಔರಾದ ನಿಲ್ದಾಣದ ಲಾಗ್‌ಶೀಟು ತರಿಸಿದೆ. ಕೊನೆಯ ಹನ್ನೆರಡು ದಿನವೂ ಆರೂ ಇಪ್ಪತ್ತಕ್ಕೇ ಬಂದಿದೆ. ಸೆಪ್ಟೆಂಬರ್ ಮೂವತ್ತರ ಬೆಳಿಗ್ಗೆ ಜೀಪು ತೆಗೆದುಕೊಂಡು ಮಾಳೆವಾಡಿಗೆ ಹೋದೆ. ಆರು ಗಂಟೆಗೆ ಬೇವಿನ ಮರದ ಕೆಳಗೆ ಬಸ್ಸಿರಲಿಲ್ಲ. ಚೀಲ ಹಿಡಿದ ಇಬ್ಬರು ಹುಡುಗರು ನಿಂತಿದ್ದರು. ಅವರ ಹೇಳಿಕೆ ಬರೆದುಕೊಂಡು ಸಹಿ ಮಾಡಿಸಿಕೊಂಡು, ಮಧ್ಯಾಹ್ನದೊಳಗೆ ವರದಿ ಕೊಟ್ಟೆ. ಮಹಬೂಬನನ್ನು ಬಸ್ಸಿನಿಂದ ಇಳಿಸಿ ಬದಲಿ ಚಾಲಕನನ್ನು ಕಳಿಸಿದೆವು. ಮರುದಿನ ಒಂಬತ್ತಕ್ಕೆ ವಿಚಾರಣೆ.

ಸಾಹೇಬರು ವರದಿ ಓದಿದರು. ಔರಾದದ ಲಾಗ್‌ಶೀಟನ್ನು ಹೆಚ್ಚು ಹೊತ್ತು ನೋಡಿದರು. ಆಮೇಲೆ ಕೇಳಿದರು:

"ಹನ್ನೆರಡು ದಿವಸ ಐದೂ ನಲವತ್ತೈದಕ್ಕ ಬಿಟ್ಟೀ ಅಂತಾರ. ಖರೆ ಏನು?"

"ಖರೆ ಅದರಿ ಸಾಬ್."

"ಟೈಮು ಬದಲಾಗಿದ್ದು ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ. ಬೋರ್ಡಿನ ಮ್ಯಾಲೆ ಓದೇನಿ."

"ಮತ್ತ ಯಾಕ?"

ಮಹಬೂಬ್ ನನ್ನ ಕಡೆ ನೋಡಿದ. "ಕಾಶಮ್ಮ ಹತ್ತಾಕಿ ಇದ್ಲಲ್ರಿ ಸಾಬ್. ಅಕಿನ್ನ ಬಿಟ್ಟು ಹ್ಯಾಂಗ ಬರ್ಲಿ?"

ಸಾಹೇಬರ ಮುಂದೆ ತಮಾಷೆ, ಚಾಷ್ಟಿ ಮಾಡಬೇಡ ಎಂದು ನಾನು ಗದರಿದೆ.

"ಚಾಷ್ಟಿ ನಾ ಮಾಡಿಲ್ರಿ ಶಿವರಾಜ ಸಾಬ್. ಹೆಸರು ನೀವೇ ಬರದೀರಿ, ನೀವೇ ಬೋರ್ಡಿಗಿ ಹಚ್ಚೀರಿ. ನೋಡೇನಂತ ಸಹಿ ಹಾಕೀರಿ."

ಸಾಹೇಬರು ಕಪಾಟಿನಿಂದ ಬದಲಾವಣೆಯ ಫೈಲು ತೆಗೆದು ಹನ್ನೊಂದು ಫಾರಂಗಳನ್ನೂ ಮೇಜಿನ ಮೇಲೆ ಹರಡಿದರು. ಒಂದೊಂದರ ಕೊನೆಯ ಕಾಲಂ ಮೇಲೆ ಬೆರಳಿಟ್ಟು ಓದಿದರು. ದನಿ ತಗ್ಗಿತು.

"ಬಗದಲ್ಲಿನಾಗ ಕಾಶಮ್ಮ. ಮನ್ನಳ್ಳ್ಯಾಗ ಕಾಶಮ್ಮ. ಭಾಲ್ಕ್ಯಾಗ, ಔರಾದದಾಗ. ಹನ್ನೊಂದು ಕಡೆ ಒಬ್ಬಾಕೇ ಬಸ್ಸಿಗಿ ಕಾಯ್ತಾಳೇನ್ರಿ ಶಿವರಾಜ? ಯಾರಿಕಿ?"

ಹೇಳಿದೆ. ಬುಟ್ಟಿ, ಸೀತಾಫಲ, ಚಳಿಗಾಲ. ಹೇಳುತ್ತ ಹೋದಂತೆ ನನ್ನ ಮಾತು ನನಗೇ ಕೇಳಿಸಿತು. ಆದೇಶದಲ್ಲಿ ಹೇಗಿತ್ತೋ ಹಾಗೆಯೇ ಮಾಡಿದ್ದೇನೆ ಎಂದು ಕೊನೆಗೆ ಸೇರಿಸಿದೆ. ಸಾಹೇಬರು ಮಹಬೂಬನಿಗೆ ಕುರ್ಚಿ ತೋರಿಸಿದರು. ವಿಚಾರಣೆಗೆ ಬಂದ ಚಾಲಕನಿಗೆ ಕುರ್ಚಿ ಕೊಡುವ ಪದ್ಧತಿ ಇರಲಿಲ್ಲ.

ಮಹಬೂಬ್ ಹೇಳಿದ್ದರ ಸಾರಾಂಶ ಇದು. ಮಾಳೆವಾಡಿಯಲ್ಲಿ ಕುರಿ ಕಾಯುವ ಮನೆತನದ ಭೀಮಬಾಯಿ ಎಂಬ ಹೆಂಗಸು. ಅವಳ ಮೊಮ್ಮಗಳು ರೇಣುಕಾ, ಹುಟ್ಟಿನಿಂದ ಕಿವಿ ಕೇಳಿಸದು. ಕಿವಿಗೆ ಯಂತ್ರ ಹಾಕಿ ಮಾತು ಕಲಿಸುವ ಒಂದು ತರಗತಿ ನೌಬಾದದಲ್ಲಿದೆ, ಎಂಟರಿಂದ ಹತ್ತರವರೆಗೆ. ಎಂಟಕ್ಕೆ ಬಾಗಿಲು ಹಾಕಿದರೆ ಹತ್ತಕ್ಕೇ ತೆಗೆಯುವುದು. ಬಸ್ಸಿಳಿದು ಹದಿನೈದು ನಿಮಿಷ ನಡೆಯಬೇಕು. ಹಳೆಯ ವೇಳೆಗೆ ಎಂಟಕ್ಕೆ ಹತ್ತು ನಿಮಿಷ ಮುಂಚೆ ಬಾಗಿಲಲ್ಲಿರುತ್ತಿದ್ದರು. ಹೊಸ ವೇಳೆಗೆ ಇಪ್ಪತ್ತು ನಿಮಿಷ ತಡ. ಬದಲಾವಣೆಯಾದ ಮೊದಲ ಐದು ದಿನ ಅಜ್ಜಿ, ಮೊಮ್ಮಗಳು ಮುಚ್ಚಿದ ಬಾಗಿಲ ಹೊರಗೆ ಕೂತು ವಾಪಸಾಗಿದ್ದಾರೆ. ಒಂದು ಅವಧಿಯಲ್ಲಿ ಏಳು ದಿನ ತಪ್ಪಿದರೆ ಜಾಗ ಬೇರೆ ಮಗುವಿಗೆ. ಐದನೆಯ ದಿನ ರಾತ್ರಿ ರೊಟ್ಟಿಯ ಪಾಳಿ ಭೀಮಬಾಯಿಯ ಮನೆಯದಾಗಿತ್ತು. ಮಗು ಯಾಕೆ ಊಟದ ಹೊತ್ತಿಗೂ ಚೀಲ ಹೆಗಲಿಂದ ಇಳಿಸಿಲ್ಲ ಎಂದು ಮಹಬೂಬ್ ಕೇಳಿದ್ದಾನೆ. ಮರುದಿನದಿಂದ ಬಸ್ಸು ಐದೂ ನಲವತ್ತೈದಕ್ಕೆ ಹೊರಟಿದೆ.

"ಬಂದು ಹೇಳಬೇಕಿತ್ತಲ್ಲೋ," ಎಂದರು ಸಾಹೇಬರು.

"ಯಾರಿಗಿ ಹೇಳ್ಲಿ ಸಾಬ್? ಕಾಶಮ್ಮನ ಹೆಸರಿಗಿ ನಿಮ್ದೂ ಸಹಿ ಅದ."

ನಾನು ಕಣ್ಣು ಕೆಳಗೆ ಹಾಕಿದೆ. ಸಾಹೇಬರು ಹಾಕಲಿಲ್ಲ. "ಅದ," ಎಂದರು. ಆಮೇಲೆ ಲಾಗ್‌ಶೀಟನ್ನು ನನ್ನ ಕಡೆ ಸರಿಸಿದರು. "ಶಿವರಾಜ, ಇದನ್ನ ನೀವೇ ತರ್ಸೀರಿ. ಹನ್ನೆರಡು ದಿವಸ, ಒಂದು ನಿಮಿಷ ಹಿಂದ ಮುಂದ ಇಲ್ಲ. ಶಿಸ್ತಿಲ್ಲದಂವ ದಿನಾ ಇಷ್ಟು ಶಿಸ್ತಿಲೆ ತಪ್ಪು ಮಾಡ್ತಾನೇನು? ನಿಮ್ಮಂಥವರಿಗಿ ಇದು ಕಾಣಬೇಕಿತ್ತು."

ಈ ಮಾತನ್ನು ಹೊಸಬರು ಬರೆದಿಟ್ಟುಕೊಳ್ಳಬೇಕು. ತಪ್ಪು ಒಂದೇ ಅಳತೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಅದರ ಹಿಂದೆ ಯಾರೋ ನಿಂತಿರುತ್ತಾರೆ. ಚಾರ್ಜ್‌ಶೀಟ್ ಬರೆಯುವ ಮುಂಚೆ ಹೋಗಿ ನೋಡಬೇಕು.

ಆಗ ಗಂಟೆ ಒಂಬತ್ತೂ ಇಪ್ಪತ್ತು. ಅಂದು ಬದಲಿ ಚಾಲಕ ನಿಯಮದಂತೆ ಆರೂ ಹದಿನೈದಕ್ಕೇ ಹೊರಟಿದ್ದ. ಅಂದರೆ ಅದು ಪಾಠ ತಪ್ಪಿದ ಆರನೆಯ ದಿನ. ಮರುದಿನ ಮುತ್ಯಾನ ಜಯಂತಿ, ರಜೆ. ಮೂರನೆಯ ತಾರೀಖಿನ ಬಸ್ಸು ತಪ್ಪಿದರೆ ಏಳು. ಹಳೆಯ ವೇಳೆಯ ಫಾರಂ ಈಗಲೇ ತಯಾರಿಸುತ್ತೇನೆ ಎಂದು ನಾನು ಎದ್ದೆ.

"ಕೂಡ್ರಿ," ಎಂದರು ಸಾಹೇಬರು. "ಕೊನೀ ಕಾಲಂನಾಗ ಏನು ಬರೀತೀರಿ?"

"ಭೀಮಬಾಯಿ ಅಂತ ಬರೀತೇನಿ ಸರ್."

"ನೋಡೀರೇನು ಅಕಿನ್ನ?"

ನೋಡಿರಲಿಲ್ಲ. ಸ್ಕೂಟರಿನ ಕೀಲಿ ತೆಗೆದುಕೊಂಡು ಹೊರಟೆ.

ನೌಬಾದದ ಆ ಕಟ್ಟಡ ಮುಖ್ಯ ರಸ್ತೆಯಿಂದ ಒಳಗಿತ್ತು. ನಡೆಯುವ ದಾರಿಯನ್ನು ಗಡಿಯಾರ ಹಿಡಿದು ಅಳೆದೆ. ಮಗುವಿನ ಕಾಲಿಗೆ ಹದಿನೈದು ನಿಮಿಷ ಸರಿಯಾದ ಲೆಕ್ಕ. ಹತ್ತಕ್ಕೆ ಹತ್ತು ನಿಮಿಷವಿತ್ತು. ಮುಚ್ಚಿದ ಬಾಗಿಲ ಹೊರಗೆ ಕಟ್ಟೆಯ ಮೇಲೆ ಒಬ್ಬ ಹೆಂಗಸು ಸೆರಗು ಬಿಗಿದುಕೊಂಡು ಕೂತಿದ್ದಳು. ಪಕ್ಕದಲ್ಲಿ ಹುಡುಗಿ. ಕಿವಿಯಲ್ಲಿ ಯಂತ್ರ, ಹೆಗಲಲ್ಲಿ ಚೀಲ. ಒಳಗಿನಿಂದ ಬೇರೆ ಮಕ್ಕಳು ಒಂದೇ ಅಕ್ಷರವನ್ನು ಮತ್ತೆ ಮತ್ತೆ ಹೇಳುವುದು ಕೇಳುತ್ತಿತ್ತು. ಹುಡುಗಿ ಬಾಗಿಲಿಗೆ ಅಂಗೈ ಒತ್ತಿಕೊಂಡು ಕೂತಿದ್ದಳು. ಯಾಕೆಂದು ಅಜ್ಜಿಯನ್ನು ಕೇಳಿದೆ. ಒಳಗೆ ಎಲ್ಲರೂ ಒಟ್ಟಿಗೆ ಹೇಳಿದಾಗ ಬಾಗಿಲು ನಡುಗುತ್ತದೆ, ಅದು ಅವಳ ಕೈಗೆ ಗೊತ್ತಾಗುತ್ತದೆ ಎಂದಳು.

ನಾನು ಬಸ್ಸಿನ ಕಡೆಯವನೆಂದು ಹೇಳಿಕೊಂಡೆ. ಮಾಳೆವಾಡಿ ಬಸ್ಸಿನ ವೇಳೆ ಬದಲಿಸಿದವನು ನಾನೇ ಎಂದೆ.

ಭೀಮಬಾಯಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಬಸ್ಸಿನ ಟೈಮು ಮನುಷ್ಯಾರು ಮಾಡ್ತಾರೇನ್ರಿ? ನಾ ಎಲ್ಲೋ ಬೆಂಗಳೂರಾಗ ತಾನೇ ಆಗ್ತದಂತ ತಿಳ್ಕೊಂಡಿದ್ದೆ."

"ಇಲ್ಲವ್ವಾ. ಬೀದರದಾಗ ನಾನೇ ಮಾಡ್ತೇನಿ."

"ಬೈಲಿಕ್ಕ ಇಷ್ಟು ಹತ್ತಿರ ಮನುಷ್ಯಾ ಇದ್ದ ನೋಡ್ರಿ. ಐದು ದಿನ ಸುಮ್ನ ದೇವರಿಗಿ ಬೈದೆ."

ಹಾಗೆಂದು ಬೈಯಲಿಲ್ಲ. ಡ್ರೈವರ್ ಭಯ್ಯಾ ಇವತ್ತು ಯಾಕೆ ಬಂದಿಲ್ಲ ಎಂದು ಕೇಳಿದಳು. ನಾನು ಇಳಿಸಿದ್ದೇನೆ ಎನ್ನಲು ಬಾಯಿ ಬರಲಿಲ್ಲ. ಮೂರನೆಯ ತಾರೀಖು ಬರುತ್ತಾನೆ ಎಂದೆ. ಅದು ಆಗಿನ್ನೂ ನನ್ನ ಕೈಯಲ್ಲಿರಲಿಲ್ಲ. ಮಗುವಿಗೆ ಎಷ್ಟು ಮಾತು ಬಂದಿದೆ ಎಂದು ಕೇಳಿದೆ.

"ಮೂರು ಬಂದಾವ. ನನಗ ಆಯಿ ಅಂತಾಳ, ನೀರು, ಬಸ್ಸು. ಅವ್ವ ಅನ್ನೋದು ಇನ್ನಾ ಬಂದಿಲ್ಲ. ಬಸ್ಸು ಮೊದಲ ಬಂತು."

ಹತ್ತಕ್ಕೆ ಬಾಗಿಲು ತೆರೆಯಿತು. ಕಲಿಸುವ ಟೀಚರು ಚಿಕ್ಕ ವಯಸ್ಸಿನವರು, ಆದರೆ ಶಿಸ್ತಿನಲ್ಲಿ ನನ್ನ ವಾರ್ಡನ್ನರ ಜಾತಿಯವರು. ಇಪ್ಪತ್ತು ನಿಮಿಷದ ಮಟ್ಟಿಗೆ ಬಾಗಿಲು ತೆರೆಯಲಾಗದೆ ಎಂದು ನಾನು ಕೇಳಿದೆ. ಒಂದು ಕ್ಷಣ ನನಗೆ ನಾಚಿಕೆಯಾಯಿತು. ಬಸ್ಸನ್ನು ಒಂದು ನಿಮಿಷ ನಿಲ್ಲಿಸಲು ಒಪ್ಪದವನು ನಾನು.

"ಈ ಮಕ್ಕಳಿಗಿ ಸಣ್ಣ ಸಪ್ಪಳ ಹಿಡಿಯೋದೇ ಪಾಠ ರಿ," ಎಂದರು. "ಬಾಗಿಲು ತೆಗೆದ್ರ ಅದೇ ದೊಡ್ಡ ಸಪ್ಪಳ. ಎಂಟು ಮಕ್ಕಳ ಲಕ್ಷ್ಯ ಹೋಗ್ತದ. ಬಾಗಿಲು ನಾ ಸರಸಲಿಕ್ಕ ಬರೋದಿಲ್ಲ. ಬಸ್ಸು ನೀವು ಸರಸಬಹುದು."

ಹೆಸರು ಬರೆಸಿ ಜಾಗಕ್ಕೆ ಕಾಯುತ್ತಿರುವ ನಾಲ್ಕು ಮಕ್ಕಳ ಪಟ್ಟಿಯನ್ನೂ ತೋರಿಸಿದರು. ರೇಣುಕಾಳ ಹೆಸರಿನ ಮುಂದೆ ಆರು ಗೀಟು ಇದ್ದವು. ಅಂದಿನದು ಇನ್ನೂ ಹಸಿಯಾಗಿತ್ತು.

ಹನ್ನೊಂದಕ್ಕೆ ಡಿಪೋಗೆ ವಾಪಸಾದೆ. ಸಾಹೇಬರು ಅಷ್ಟರಲ್ಲಿ ಮೂರು ಪತ್ರ ಟೈಪು ಮಾಡಿಸಿದ್ದರು. ಮಹಬೂಬನಿಗೆ ಎಚ್ಚರಿಕೆ: ಕಾರಣ ಏನಿದ್ದರೂ ಹೇಳದೆ ಬಸ್ಸು ಮುಂಚೆ ಬಿಟ್ಟದ್ದು ತಪ್ಪು, ಹುಡುಗರ ಪಾಠವೂ ಪಾಠವೇ. ನನಗೆ ಎಚ್ಚರಿಕೆ: ಸಂಬಂಧವಿಲ್ಲದ ಹೆಸರನ್ನು ಹನ್ನೊಂದು ಸಲ ಬರೆದದ್ದು. ಮೂರನೆಯದು ಮೇಲಿನ ಕಚೇರಿಗೆ: ಹನ್ನೊಂದು ಸಲವೂ ಓದದೆ ಸಹಿ ಮಾಡಿದ್ದೇನೆ ಎಂದು ತಮ್ಮ ಬಗ್ಗೆ ತಾವೇ ಬರೆದದ್ದು. ಅಮಾನತಿನ ಮಾತು ಎತ್ತಲಿಲ್ಲ. ಮೂರನೆಯ ತಾರೀಖಿನ ಬಸ್ಸಿಗೆ ಒಂದು ದಿನ ಮೊದಲೇ ಮಾಳೆವಾಡಿಗೆ ಹೋಗಿ ತಂಗಬೇಕಾದ ಚಾಲಕನ ಹೆಸರಿನ ಜಾಗದಲ್ಲಿ ಮಹಬೂಬ್ ಎಂದು ಬರೆದರು.

ಹುಡುಗರ ಗತಿ ಏನು ಎಂದು ನಾನು ಕೇಳಿದೆ. ಅದೂ ನ್ಯಾಯವಾದ ಅರ್ಜಿಯೇ. ಅವರಿಗೆ ಅರ್ಧ ತಾಸು ನಿದ್ದೆ ಹೋಗುತ್ತದೆ, ಮೊದಲಿನಂತೆ ಬೀದರಿನಲ್ಲಿ ಎರಡು ತಾಸು ಕಾಯಬೇಕಾಗುತ್ತದೆ ಎಂದರು ಸಾಹೇಬರು. ಅದನ್ನು ಮುಚ್ಚಿಡದೆ ಅವರಿಗೆ ನೀವೇ ಹೋಗಿ ಹೇಳಿ ಎಂದರು. ಮುಂದಿನ ವಾರ ಹೋಗಿ ಹೇಳಿದೆ. ಕೆಲವರು ಗೊಣಗಿದರು. ಆ ಅಜ್ಜಿ ತಮ್ಮ ಜೊತೆ ಅದೇ ಬಸ್ಸಿನಲ್ಲಿ ವರ್ಷದಿಂದ ಬರುತ್ತಿದ್ದರೂ ಯಾಕೆ ಬರುತ್ತಾಳೆಂದು ಕೇಳಿರಲಿಲ್ಲ ಎಂದು ಒಬ್ಬ ಹೇಳಿದ. ನಾನೂ ಕೇಳಿರಲಿಲ್ಲ ಎಂದೆ.

ಉಳಿದ ಹತ್ತು ಫಾರಂಗಳ ಊರುಗಳಿಗೂ ಹೋಗಿ ನೋಡಿ ಬರಬೇಕೆಂದು ಸಾಹೇಬರ ಆದೇಶವಾಯಿತು. ಅದಕ್ಕೆ ಮೂರು ತಿಂಗಳು ಹಿಡಿಯಿತು. ಏಳು ಕಡೆ ನನ್ನ ಬದಲಾವಣೆಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಮೂರು ಕಡೆ ಆಗಿತ್ತು. ಆ ಕಥೆ ದೊಡ್ಡದು, ಗೆರೆ ಮತ್ತೆ ಎಳೆದೆ ಎಂದಷ್ಟೇ ಇಲ್ಲಿ ಹೇಳುತ್ತೇನೆ. ದೇಸಾಯಿ ಸಾಹೇಬರು ವರ್ಗವಾಗಿ ಹೋದ ಮೇಲೆ ಫಾರಂ ಹೊಸದಾಯಿತು, ಆಮೇಲೆ ಕಂಪ್ಯೂಟರ್ ಬಂತು. ಬಸ್ಸು ಎಲ್ಲಿದೆ ಎಂದು ಈಗ ಪರದೆಯ ಮೇಲೆ ಚುಕ್ಕಿ ಕಾಣುತ್ತದೆ. ಅದು ಒಳ್ಳೆಯದೇ, ನನಗೆ ಅದರ ಮೇಲೆ ದೂರಿಲ್ಲ. ಚುಕ್ಕಿಯೊಳಗೆ ಯಾರು ಕೂತಿದ್ದಾರೆಂಬ ಕಾಲಂ ಇಲ್ಲ. ನೀವು ಒಂದು ವಹಿಯಲ್ಲಿ ಬೇರೆಯೇ ಬರೆದಿಟ್ಟುಕೊಳ್ಳಿ. ಯಾರೂ ಬೇಡವೆನ್ನುವುದಿಲ್ಲ.

ಆ ಅಕ್ಟೋಬರ್ ಒಂದರ ಮಧ್ಯಾಹ್ನ ಊಟವಾದ ಮೇಲೆ ನಾಲ್ಕು ಅಡಿ ಕಾಗದ ಬಿಚ್ಚಿ ಮಾಳೆವಾಡಿಯ ಗೆರೆ ಅಳಿಸಿದೆ, ಐದೂ ನಲವತ್ತೈದಕ್ಕೆ ಎಳೆದೆ. ಅದರ ಜೊತೆ ಸರಿಯಬೇಕಾದ ಮೂರು ಗೆರೆ ಸರಿಸಿದೆ. ಔರಾದಿಗೆ ಫೋನು ಮಾಡಿ, ಅಲ್ಲಿನ ಗೋಡೆಯ ಪಟ್ಟಿಯಲ್ಲಿ ವೇಳೆ ತಿದ್ದಿಸಿ, ತಿದ್ದಿದ್ದನ್ನು ಓದಿಸಿ ಕೇಳಿದೆ. ನೌಬಾದದ ಟೀಚರಿಗೆ ಮೂರನೆಯ ತಾರೀಖಿನಿಂದ ಬಸ್ಸು ಏಳೂ ಮೂವತ್ತೈದಕ್ಕೆ ಕ್ರಾಸಿನಲ್ಲಿರುತ್ತದೆ ಎಂದು ಮೊಹರು ಹಾಕಿದ ಪತ್ರ ಕಳಿಸಿದೆ. ಆಮೇಲೆ ಫಾರಂ ತುಂಬಿದೆ. ಕೊನೆಯ ಕಾಲಂನಲ್ಲಿ ಬರೆದದ್ದು ಹೀಗೆ: ಭೀಮಬಾಯಿ, ಮಾಳೆವಾಡಿ, ಜೊತೆಗೆ ಮೊಮ್ಮಗಳು ರೇಣುಕಾ. ನೋಡಿದ ಸ್ಥಳ, ನೌಬಾದ, ಬಾಗಿಲ ಹೊರಗೆ. ವೇಳೆ, ಬೆಳಿಗ್ಗೆ ಒಂಬತ್ತೂ ಐವತ್ತು. ಸಾಹೇಬರು ಪೂರ್ತಿ ಓದಿ ಸಹಿ ಮಾಡಿದರು. ನಾನೇ ಹೋಗಿ ಚಾಲಕರ ಬೋರ್ಡಿಗೆ ಹಚ್ಚಿದೆ. ಅಲ್ಲಿದ್ದವರು ಓದಿದರು. ಆ ಸಂಜೆ ಯಾರೂ ಕಾಶಮ್ಮನನ್ನು ಕೇಳಲಿಲ್ಲ.

ಮರುದಿನ ಜಯಂತಿ. ಮುತ್ಯಾನ ಫೋಟೋ ಒರೆಸುವುದು, ಮಾಲೆ ತರಿಸುವುದು ಬೇರೆಯವರ ಡ್ಯೂಟಿಯಾಗಿತ್ತು. ನನ್ನ ಮೇಜಿನ ಮೇಲೆ ಯಾವ ಕಾಗದವೂ ಉಳಿದಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದೆ. ಎದುರಿನ ಗೋಡೆ ನೋಡಿದೆ. ರ‍್ಯಾಕಿನಲ್ಲಿದ್ದ ರಿಜಿಸ್ಟರುಗಳನ್ನು ಒಂದೊಂದಾಗಿ ಕೆಳಗಿಳಿಸಿದೆ, ಖಾಲಿ ರ‍್ಯಾಕನ್ನು ಒಂದೂವರೆ ಅಡಿ ಎಡಕ್ಕೆ ಎಳೆದೆ, ಹಲಗೆಯ ಎರಡನೆಯ ಸಾಲಿನ ಮೇಲಿನ ಧೂಳು ಒರೆಸಿದೆ. ರಿಜಿಸ್ಟರುಗಳನ್ನು ವರ್ಷದ ಕ್ರಮದಲ್ಲಿ ಮತ್ತೆ ಜೋಡಿಸಿದೆ. ಆಗ ಸಂಜೆ ಗಂಟೆ ಐದೂ ನಲವತ್ತೈದು.